ಮಳೆ ಇಲ್ಲ, ಬಾಟಲಿ ಸೋರಿಲ್ಲ, ಆದರೂ ಕಿಟ್ ಒದ್ದೆ

ಸಿಕ್ತು ಕಣ್ರೀ! ಬೆಟ್ಟ ಹತ್ತುವಾಗ ಒಯ್ಯುವ ನನ್ನ ತುರ್ತು ಕಿಟ್ ಒದ್ದೆ ಮಾಡುತ್ತಾ ಎರಡು ತಿಂಗಳು ತಲೆ ಕೆಡಿಸಿದ್ದ ನೀರಿನ ಮೂಲ ಕೊನೆಗೂ ಸಿಕ್ತು. ಒಂದೂವರೆ ಟ್ಯೂಬ್ ಅಂಟು ಸುಮ್ನೆ ಖರ್ಚಾಯಿತು ಅನ್ನೋದು ಬೇರೆ ಮಾತು.

ಕಿಟ್‌ನಲ್ಲಿ ಏನೇನಿದೆ ಅಂತ ಉದ್ದಕ್ಕೆ ಬರೆಯುವುದಿಲ್ಲ. ನಿಮ್ಮೆಲ್ಲರ ಕಿಟ್‌ನಲ್ಲಿ ಇರುವುದೇ: ಬ್ಯಾಂಡೇಜು, ಓಆರ್‌ಎಸ್, ಟಾರ್ಚ್, ಸೀಟಿ, ಸೂಜಿ ದಾರ, ಬೆಂಕಿಪೊಟ್ಟಣ, ಎರಡು ಕಡಲೆಮಿಠಾಯಿ. ಒಟ್ಟು 340 ಗ್ರಾಂ. ಇದೆಲ್ಲ ನಾನೇ ಹೊಲಿದ ಒಂಟಿ ಪಟ್ಟಿಯ ಚೀಲದಲ್ಲಿ ಕೂರುತ್ತದೆ. ಚೀಲಕ್ಕೆ ಎರಡು ಖಾನೆ. ಒಂದರಲ್ಲಿ ಕಿಟ್, ಜಿಪ್ ಇದೆ. ಪಕ್ಕದ್ದು ಬಾಟಲಿಗೆ, ಅದರ ಬಾಯಿ ತೆರೆದೇ ಇರುತ್ತದೆ. ನಡುವೆ ಒಂದೇ ಹೊಲಿಗೆ. ಈ ಹೊಲಿಗೆಯನ್ನು ನೆನಪಿಟ್ಟುಕೊಳ್ಳಿ.

ಜೂನ್‌ನಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ನಂದಿ ಹತ್ತಿರ ಕೂತು ಮಿಠಾಯಿಗೆ ಅಂತ ಜಿಪ್ ಎಳೆದೆ. ಬೆಂಕಿಪೊಟ್ಟಣ ನೆನೆಸಿದ ಅವಲಕ್ಕಿ ಥರ ಆಗಿತ್ತು. ಬೆರಳಲ್ಲಿ ಒತ್ತಿದರೆ ಕಡ್ಡಿಯ ಮದ್ದು ಕೆಂಪಗೆ ಮೆತ್ತಿಕೊಳ್ಳುತ್ತಿತ್ತು. ಬ್ಯಾಂಡೇಜಿನ ಕಾಗದ ತನ್ನಷ್ಟಕ್ಕೇ ಬಿಚ್ಚಿಕೊಂಡಿತ್ತು. ಅವತ್ತು ತುಂತುರು ಮಳೆ ಇತ್ತಲ್ಲ, ಹಾಗಾಗಿ ತಪ್ಪೆಲ್ಲ ಮಳೆಯದ್ದೇ ಅಂದುಕೊಂಡೆ. ಬಟ್ಟೆ ಕೊಟ್ಟ ಅಂಗಡಿಯವನಿಗೆ ಫೋನ್ ಮಾಡಿದರೆ, "ವಾಟರ್‌ಪ್ರೂಫೇ ಸಾರ್, ಆದರೆ ನೀರು ಬಿದ್ದರೆ ಗ್ಯಾರಂಟಿ ಇಲ್ಲ" ಅಂದ. ಇದಕ್ಕೆ ಏನು ಉತ್ತರ ಕೊಡುತ್ತೀರಿ ಹೇಳಿ.

ಸರಿ, ಹೊರಗಿನ ಹೊಲಿಗೆಗಳಿಗೆಲ್ಲ ಸಿಲಿಕೋನ್ ಅಂಟು ಬಳಿದೆ. ಮೂರನೇ ದಿನಕ್ಕೆ ಬಿಸಿಲಲ್ಲಿ ಸುಟ್ಟ ಚರ್ಮದ ಹಾಗೆ ಎದ್ದು ಬಂತು. ನೀರು ತಡೆಯಲು ಬಟ್ಟೆಗೆ ಕೊಟ್ಟಿರುವ ಕೋಟಿಂಗ್ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್, ಅದಕ್ಕೆ ಸಿಲಿಕೋನ್ ಸರಿಯಾಗಿ ಹಿಡಿಯಲ್ಲ. ಗೊತ್ತಿದ್ದೂ ಮಾಡಿದೆ, ಮನೆಯಲ್ಲಿ ಇದ್ದದ್ದು ಅದೇ. ಎಲ್ಲ ಕಿತ್ತು, ಅದೇ ಜಾತಿಯ ಯುರೆಥೇನ್ ಅಂಟು ತರಿಸಿ ಮತ್ತೆ ಬಳಿದೆ. ಒಳಗೆ ನ್ಯೂಸ್‌ಪೇಪರ್ ತುಂಬಿ, ಬಾಟಲಿ ಖಾನೆ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಬಚ್ಚಲಲ್ಲಿ ಶವರ್ ಕೆಳಗೆ ಹತ್ತು ನಿಮಿಷ ಹಿಡಿದೆ. ಪೇಪರ್ ಗರಿಗರಿ. ಗೆದ್ದೆ ಅಂತ ಅವತ್ತು ರಾತ್ರಿ ಎರಡು ಒಬ್ಬಟ್ಟು ಜಾಸ್ತಿ ತಿಂದೆ.

ಮುಂದಿನ ಭಾನುವಾರ ಪಾಂಡವಪುರದ ಕುಂತಿ ಬೆಟ್ಟ. ಆಕಾಶದಲ್ಲಿ ಒಂದು ಮೋಡ ಇಲ್ಲ. ಮೇಲೆ ಹೋಗಿ ತೆಗೆದರೆ ಕಿಟ್ ಮೊದಲಿಗಿಂತ ಜಾಸ್ತಿ ಒದ್ದೆ!

ಬೆವರು ಇರಬಹುದು ಅನ್ನಿಸಿತು. ನಾಲಿಗೆಗೆ ಮುಟ್ಟಿಸಿ ನೋಡಿದೆ, ಉಪ್ಪಿಲ್ಲ. (ಹೌದು, ಚೀಲ ನೆಕ್ಕಿದೆ. ಮನೆಯಲ್ಲಿ ಹೇಳಿಲ್ಲ.) ಹಾಗಾದರೆ ಬಾಟಲಿ ಮುಚ್ಚಳದ ರಬ್ಬರ್ ಹೋಗಿರಬೇಕು. ಮೂರು ಅಂಗಡಿ ಸುತ್ತಿದೆ. ರಬ್ಬರ್ ಒಂದೇ ಕೊಡಲ್ಲವಂತೆ, ಇಡೀ ಬಾಟಲಿ ತಗೋಬೇಕಂತೆ. ಹತ್ತು ರೂಪಾಯಿ ಬಳೆಗೆ ನಾನೂರು ರೂಪಾಯಿ ಬಾಟಲಿ! ಸಿಟ್ಟಲ್ಲಿ ವಾಪಸ್ ಬಂದು ಹಳೆಯದನ್ನೇ ತುಂಬಿಸಿ, ರಾತ್ರಿಯಿಡೀ ತಲೆಕೆಳಗಾಗಿ ಪೇಪರ್ ಮೇಲೆ ನಿಲ್ಲಿಸಿದೆ. ಬೆಳಿಗ್ಗೆ ಒಂದು ಹನಿ ಇಲ್ಲ.

ಕೊನೆಗೆ ಅಡುಗೆಮನೆ ತಕ್ಕಡಿ. ಬೆಟ್ಟಕ್ಕೆ ಹೋಗುವ ದಿನ ಮಾಡುವ ಹಾಗೇ ಫ್ರಿಜ್‌ನಿಂದ ಬಾಟಲಿ ತೆಗೆದು, ತಟ್ಟೆ ಸಮೇತ ತೂಗಿದೆ: 1312 ಗ್ರಾಂ. ಸೋರಿ ಆರಿದರೆ ಕಡಿಮೆ ಆಗಬೇಕು, ಅಲ್ವಾ? ಒಂದು ಗಂಟೆ ಬಿಟ್ಟು ನೋಡಿದರೆ 1320. ಎಂಟು ಗ್ರಾಂ ಹೆಚ್ಚು! ತಕ್ಕಡಿ ಕೆಟ್ಟಿದೆ ಅಂತ ಸೆಲ್ ಬದಲಿಸಲು ಹೊರಟಿದ್ದೆ. ತರಕಾರಿ ಹೆಚ್ಚುತ್ತಿದ್ದ ಅಮ್ಮ ತಲೆ ಎತ್ತದೆ, "ಫ್ರಿಜ್ ನೀರು ಬೆವರುತ್ತೆ ಕಣೋ, ಅದಕ್ಕೂ ತಕ್ಕಡಿ ಬೇಕಾ?" ಅಂದರು.

ತಟ್ಟೆ ನೋಡಿದೆ. ಬಾಟಲಿ ಸುತ್ತ ನೀರಿನ ಬಳೆ.

ಫ್ರಿಜ್ ಒಳಗೆ ಹೆಚ್ಚುಕಮ್ಮಿ 5 ಡಿಗ್ರಿ. ನಮ್ಮೂರಲ್ಲಿ ಮಳೆಗಾಲದ ಗಾಳಿ ಸುಮಾರು 20 ಡಿಗ್ರಿಗೆ ತಣ್ಣಗಾದರೆ ಸಾಕು, ತೇವ ಬಿಟ್ಟುಕೊಡುತ್ತದೆ, ಇಬ್ಬನಿ ಕೂರುವ ಹಾಗೆ. ನನ್ನದು ಒಂಟಿ ಗೋಡೆಯ ಸ್ಟೀಲ್ ಬಾಟಲಿ, ತೆರೆದ ಖಾನೆ, ನಡೆಯುವಾಗ ಹೊಸ ಗಾಳಿ ಬರುತ್ತಲೇ ಇರುತ್ತದೆ. ಇನ್ನೇನು ಬೇಕು? ಮೊದಲು ಈ ನೀರು ಹೊರಗಿನ ಹೊಲಿಗೆಯಿಂದ ಅಷ್ಟಿಷ್ಟು ಇಳಿದು ನನ್ನ ಪ್ಯಾಂಟ್ ಒದ್ದೆ ಮಾಡುತ್ತಿತ್ತು, ಉಳಿದದ್ದು ಕಿಟ್‌ಗೆ. ನಾನು ಮಹಾ ಬುದ್ಧಿವಂತ, ಹೊರಗಿನ ದಾರಿಗಳನ್ನೆಲ್ಲ ಅಂಟು ಹಾಕಿ ಮುಚ್ಚಿದೆ. ಈಗ ತಳದಲ್ಲಿ ನಿಂತ ನೀರಿಗೆ ಇದ್ದದ್ದು ಒಂದೇ ದಾರಿ, ನಡುವಿನ ಆ ಹೊಲಿಗೆ. ಅಲ್ಲಿಗೆ ಮಳೆ ಎಲ್ಲಿಂದ ಬರಬೇಕು ಅಂತ ಅದಕ್ಕೆ ಮಾತ್ರ ಅಂಟು ಹಚ್ಚಿರಲಿಲ್ಲ!

ಈಗ ಆ ಹೊಲಿಗೆಗೂ ಅಂಟು ಬಿತ್ತು. ನೀರು ಇಳಿದುಹೋಗಲಿ ಅಂತ ಬಾಟಲಿ ಖಾನೆಯ ತಳಕ್ಕೆ ಒಂದು ಹಿತ್ತಾಳೆ ಐಲೆಟ್ (ಲೋಹದ ಅಂಚಿನ ತೂತು) ಹಾಕಿಸಿದೆ. ಶೂ ರಿಪೇರಿಯವರು ಎರಡು ನಿಮಿಷದಲ್ಲಿ ಹೊಡೆದು ಕೊಟ್ಟು, "ಚೆನ್ನಾಗಿರೋ ಚೀಲಕ್ಕೆ ತೂತು ಯಾಕೆ ಸಾರ್?" ಅಂದರು. ಫ್ಲಾಸ್ಕ್ ತಗೊಂಡರೆ ಬೆವರಲ್ಲ ನಿಜ, ಆದರೆ ಸುಮ್ನೆ ಭಾರ. ಅಮ್ಮನ ಸಲಹೆ ಮಡಕೆ ನೀರು. ನಕ್ಕಿದ್ದೆ, ಆಮೇಲೆ ಯೋಚಿಸಿದರೆ ಪಕ್ಕಾ ಲೆಕ್ಕ. ಮಡಕೆ ತಣ್ಣಗಾಗುವುದು ನೀರು ಆರುವುದರಿಂದ. ಗಾಳಿ ತೇವ ಬಿಡುವಷ್ಟು ತಂಪಿಗೆ ಅದು ಇಳಿಯುವುದೇ ಇಲ್ಲ, ಅಷ್ಟರೊಳಗೆ ತಣ್ಣಗಾಗುವುದು ನಿಂತಿರುತ್ತದೆ. ಹಾಗಾಗಿ ಆ ನೀರು ತುಂಬಿದ ಬಾಟಲಿಯೂ ಬೆವರಲ್ಲ.

ಇದೇ ತಲೆಯಲ್ಲಿ ಮುಂದಿನ ಕೆಲಸವೂ ಹೊಳೆದಿದೆ. ಅಟ್ಟದಲ್ಲಿ ತಾತನ ಕಂಬಳಿ ತುಂಡು ಇದೆ. ಬಾಟಲಿಗೆ ಅದರ ಅಂಗಿ ಹೊಲಿದು, ನೆನೆಸಿ, ಚೀಲದ ಹೊರಗೆ ನೇತುಹಾಕಿದರೆ ಬೇಸಿಗೆಯಲ್ಲಿ ಅದೇ ನಡೆದಾಡುವ ಮಡಕೆ. ಮಳೆಗಾಲಕ್ಕೆ ಉಪಯೋಗವಿಲ್ಲ, ಮಾರ್ಚ್‌ವರೆಗೆ ಟೈಮ್ ಇದೆ. ಒದ್ದೆ ಕಂಬಳಿ ವಾಸನೆಗೆ ಏನು ಮಾಡುತ್ತೀರಿ ಅಂತ ಈಗಲೇ ಕೇಳಬೇಡಿ.

ನಿನ್ನೆ ಶ್ರೀರಂಗಪಟ್ಟಣದ ಕರಿಘಟ್ಟಕ್ಕೆ ಹೋಗಿ ಬಂದೆ, ಮಡಕೆ ನೀರು ತುಂಬಿಕೊಂಡು. ಕಿಟ್‌ನಲ್ಲಿ ಒಂದು ಹನಿ ನೀರಿಲ್ಲ. ಮನೆಗೆ ಬಂದು ಕಡ್ಡಿ ಗೀರಿದೆ, ಒಂದೇ ಸಲಕ್ಕೆ ಹತ್ತಿತು. ಬ್ಯಾಂಡೇಜಿಗೆ ಮಾತ್ರ ಪುಳಿಯೋಗರೆ ಎಣ್ಣೆ ಹತ್ತಿದೆ. ಡಬ್ಬಿ ಮುಚ್ಚಳದ ರಬ್ಬರ್ ನಿಜವಾಗಲೂ ಹೋಗಿದೆ, ಅದನ್ನೂ ಬಿಡಿಯಾಗಿ ಕೊಡಲ್ಲವಂತೆ.