ಶನಿವಾರದ ಡಿಸ್ಪೆನ್ಸರಿ

ತಮ್ಮ ಹೆಸರು ಎಲ್ಲಿಯೂ ಅಚ್ಚಾಗುವುದನ್ನು ಸಿಸ್ಟರ್ ಒಪ್ಪುತ್ತಿರಲಿಲ್ಲವಾದ್ದರಿಂದ ಈ ಲೇಖನದಲ್ಲಿಯೂ ಅವರು ನಮ್ಮೆಲ್ಲರ ಬಾಯಲ್ಲಿದ್ದಂತೆ ಬರೀ ‘ಸಿಸ್ಟರ್’ ಆಗಿಯೇ ಇರಲಿ. 1990ರ ದಶಕದ ಆರಂಭದಲ್ಲಿ ಹೈಸ್ಕೂಲಿನಲ್ಲಿದ್ದ ನಮಗೆ ಅವರು ಪಾಠ ಮಾಡಿದವರಲ್ಲ. ಬಹುಕಾಲ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು, ವಯಸ್ಸಾದ ಮೇಲೆ ನಮ್ಮ ಕಾನ್ವೆಂಟಿಗೆ ಬಂದಿದ್ದ ಅವರು ಶಾಲೆಯ ಹಿಂದಿನ ಹಂಚಿನ ಕಟ್ಟಡದಲ್ಲಿ ಬಡವರಿಗಾಗಿ ಡಿಸ್ಪೆನ್ಸರಿ ನಡೆಸುತ್ತಿದ್ದರು. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಒಂಬತ್ತನೆಯ ತರಗತಿಯ ನಾವು ಕೆಲವರು ನೀರು ಹೊತ್ತು ಕೊಡಲು, ರಿಜಿಸ್ಟರ್ ಬರೆಯಲು ಅಲ್ಲಿಗೆ ಹೋಗುತ್ತಿದ್ದೆವು.

ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕುಷ್ಠರೋಗದಿಂದ ಗುಣವಾದವರು. ಮಂಗಳೂರಿಗೆ ಈ ಸೇವೆ ಹೊಸದೇನಲ್ಲ. ಜರ್ಮನಿಯಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲಾರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನೂ ಕಟ್ಟಿದ್ದರು. ಆ ಕಾಲದಲ್ಲಿ ಈ ರೋಗಕ್ಕೆ ಖಚಿತವಾದ ಔಷಧವೇ ಇರಲಿಲ್ಲ. ಗಾಯ ತೊಳೆದು ಅನ್ನ ಕೊಟ್ಟು ನೋಡಿಕೊಳ್ಳುವುದೇ ಚಿಕಿತ್ಸೆಯಾಗಿತ್ತು. ಸಿಸ್ಟರ್ ಕೆಲಸಕ್ಕೆ ಸೇರಿದಾಗ ಡ್ಯಾಪ್ಸೋನ್ ಎಂಬ ಮಾತ್ರೆಯೊಂದೇ ಗತಿ, ಅದನ್ನೂ ವರ್ಷಗಟ್ಟಲೆ ನುಂಗಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 1980ರ ದಶಕದ ಆರಂಭದಲ್ಲಿ ರಿಫಾಂಪಿಸಿನ್, ಕ್ಲೋಫಾಜಿಮಿನ್, ಡ್ಯಾಪ್ಸೋನ್ ಸೇರಿದ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿದ ಬಳಿಕ ಪರಿಸ್ಥಿತಿಯೇ ಬದಲಾಯಿತು. ಕ್ಲೋಫಾಜಿಮಿನ್‌ನಿಂದ ಮೈಬಣ್ಣ ಕಪ್ಪಾಗುತ್ತದೆಂದು ಹೆದರಿ ಮದುವೆಯ ವಯಸ್ಸಿನ ಹುಡುಗಿಯರು ಮಾತ್ರೆ ಬಿಟ್ಟರೆ, ಚಿಕಿತ್ಸೆ ಮುಗಿದ ಮೇಲೆ ಬಣ್ಣ ನಿಧಾನವಾಗಿ ತಿಳಿಯಾಗುತ್ತದೆಂದು ತಾಯಂದಿರಿಗೂ ಸೇರಿಸಿ ಹೇಳಲು ಸಿಸ್ಟರ್ ಅವರ ಮನೆಗೇ ಹೋಗುತ್ತಿದ್ದರು.

ಆದರೆ ಮಾತ್ರೆಯಿಂದ ರೋಗಾಣು ಸಾಯುತ್ತದೆಯೇ ಹೊರತು ಸತ್ತ ನರ ಮರಳುವುದಿಲ್ಲ ಎಂಬುದು ಅವರ ಮಾತು. ನರ ಸತ್ತ ಕೈಕಾಲಿಗೆ ನೋವು ತಿಳಿಯುವುದಿಲ್ಲ; ಶನಿವಾರದ ಕೆಲಸವೆಲ್ಲ ಇದರ ಮೇಲೆಯೇ ನಿಂತಿತ್ತು. ರೋಗಿಗಳು ಬೆಂಚಿನ ಮೇಲೆ ಸಾಲಾಗಿ ಕುಳಿತು ತಣ್ಣೀರಿನ ಬೋಗುಣಿಗಳಲ್ಲಿ ಇಪ್ಪತ್ತು ನಿಮಿಷ ಕಾಲು ನೆನೆಸುತ್ತಿದ್ದರು. ದಡ್ಡುಗಟ್ಟಿದ ಚರ್ಮ ಮೆದುವಾದ ಮೇಲೆ ಅದನ್ನು ಕಲ್ಲಿನಿಂದ ಹಗುರವಾಗಿ ಉಜ್ಜಿ, ಒದ್ದೆ ಆರುವ ಮೊದಲೇ ತೆಂಗಿನೆಣ್ಣೆ ಹಚ್ಚಬೇಕಿತ್ತು. “ಕಾರ್ ತೋಜಾಲೆ” (ಕಾಲು ತೋರಿಸಿ) ಎಂದು ತುಳುವಿನಲ್ಲಿ ಹೇಳಿ ಸಿಸ್ಟರ್ ನೆಲದಲ್ಲಿ ಕುಳಿತು ಪ್ರತಿಯೊಂದು ಅಂಗಾಲಿನ ಮೇಲೂ ತಮ್ಮ ಕೈಯ ಹಿಂಭಾಗವನ್ನು ಆಡಿಸುತ್ತಿದ್ದರು. ಒಂದು ಜಾಗ ಉಳಿದುದಕ್ಕಿಂತ ಬಿಸಿಯಾಗಿದ್ದರೆ ಒಳಗೆ ಹುಣ್ಣು ಕಟ್ಟುತ್ತಿದೆ ಎಂದರ್ಥ. ಮೀನು ಮಾರುವ ಹೆಂಗಸೊಬ್ಬರ ಹಿಮ್ಮಡಿಯಲ್ಲಿ ಅವರು ಹೀಗೆಯೇ ಒಂದು ಮುಳ್ಳನ್ನು ಪತ್ತೆ ಹಚ್ಚಿದರು. ಅದು ಹೊಕ್ಕು ಎಷ್ಟು ದಿನವಾಯಿತೆಂಬುದೇ ಆ ಹೆಂಗಸಿಗೆ ತಿಳಿದಿರಲಿಲ್ಲ. ಗಂಜಿಯ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ ಬೆರಳು ಸುಟ್ಟುಕೊಂಡವರೂ ಹಾಗೆಯೇ, ನೋವಿಲ್ಲದ ಕಾರಣ ಬೊಬ್ಬೆ ಒಡೆದ ಮೇಲೆ ಬರುತ್ತಿದ್ದರು.

ಸಿಸ್ಟರ್ ಸದಾ ನಗುಮುಖದವರೆಂದು ಬರೆದರೆ ಸುಳ್ಳಾದೀತು. ಸ್ಪರ್ಶವಿಲ್ಲದ ಕಾಲುಗಳಿಗೆಂದು ಕೊಡುತ್ತಿದ್ದ, ಮೆತ್ತನೆಯ ರಬ್ಬರ್ ಅಟ್ಟೆಯ ಎಂಸಿಆರ್ (ಮೈಕ್ರೋಸೆಲ್ಯುಲಾರ್ ರಬ್ಬರ್) ಚಪ್ಪಲಿಯನ್ನು ‘ನೋಡಿದವರಿಗೆ ನಮ್ಮ ರೋಗ ಗೊತ್ತಾಗುತ್ತದೆ’ ಎಂದು ಮನೆಯಲ್ಲಿ ಬಿಟ್ಟು ಬರಿಗಾಲಲ್ಲಿ ಬಂದವರನ್ನು ಅವರು ಚೆನ್ನಾಗಿಯೇ ಗದರುತ್ತಿದ್ದರು. ಬಳಿಕ ಚಮ್ಮಾರರೊಬ್ಬರನ್ನು ಒಪ್ಪಿಸಿ, ಪೇಟೆಯ ಚಪ್ಪಲಿಯಂತೆಯೇ ಕಾಣುವ ಪಟ್ಟಿಗಳನ್ನು ಅದೇ ಅಟ್ಟೆಗೆ ಹೊಲಿಸಿದರು. ಅವರ ಪ್ರಾರ್ಥನೆಗಿಂತಲೂ ಈ ಉಪಾಯ ನನಗೆ ಹೆಚ್ಚು ನೆನಪಿದೆ; ಅವರು ಎರಡನ್ನೂ ಬೇರೆಯೆಂದು ಎಣಿಸಿರಲಿಕ್ಕಿಲ್ಲ.

2005ರ ಡಿಸೆಂಬರ್‌ನಲ್ಲಿ, ರೋಗದ ಪ್ರಮಾಣ ಹತ್ತು ಸಾವಿರ ಜನರಿಗೆ ಒಂದಕ್ಕಿಂತ ಕೆಳಗಿಳಿದಾಗ, ದೇಶದಲ್ಲಿ ಕುಷ್ಠರೋಗ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂಬ ಘೋಷಣೆ ಹೊರಬಿತ್ತು. ಆ ವೇಳೆಗೆ ಮೊಣಕಾಲು ನೋವಿನಿಂದ ಹೊರಗೆ ಹೋಗಲಾರದ ಸಿಸ್ಟರ್‌ರನ್ನು ನಾನು ಕಾನ್ವೆಂಟಿನಲ್ಲಿ ಕಂಡೆ. ಅವರಿಗೆ ಸಂತೋಷವಾಗಿತ್ತು, ಆದರೆ ಆ ಲೆಕ್ಕದಲ್ಲಿ ಬರುವುದು ಚಿಕಿತ್ಸೆಯಲ್ಲಿರುವವರು ಮಾತ್ರ, ಬೆರಳು ಕಳೆದುಕೊಂಡು ಗುಣವಾದವರು ಅದರಲ್ಲಿ ಇಲ್ಲವೆಂದು ಕೂಡಲೇ ಸೇರಿಸಿದರು. ಹಳೆಯ ರೋಗಿಗಳ ಸೊಸೆಯಂದಿರನ್ನೂ ಮೊಮ್ಮಕ್ಕಳನ್ನೂ ಒಬ್ಬೊಬ್ಬರಾಗಿ ಕರೆಸಿ, ಕಾಲು ನೆನೆಸುವುದು, ಉಜ್ಜುವುದು, ಕೈಯ ಹಿಂಭಾಗದಿಂದ ಬಿಸಿ ನೋಡುವುದನ್ನು ಕುರ್ಚಿಯಲ್ಲಿ ಕುಳಿತೇ ಕಲಿಸುತ್ತಿದ್ದರು. ಡಿಸ್ಪೆನ್ಸರಿ ಮುಚ್ಚಿದ ಮೇಲೂ ಆ ಮನೆಗಳಲ್ಲಿ ಕೆಲವರು ಅದನ್ನು ತಪ್ಪದೆ ನಡೆಸಿಕೊಂಡು ಬಂದರು.