ಎಲುಬಿನ ಸಿಪಾಯಿಗೆ ಏನು ಹುಕುಂ ಆಗಿದೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ದಾಳದ ಕಥೆಯಾಟದಲ್ಲಿ, ಮಂತ್ರದಿಂದ ಎದ್ದ ಎಲುಬುಗೂಡನ್ನು ನಕ್ಷೆಯ ಮೇಲೆ ಇಡುವ ಮೊದಲು ಆಟ ನಡೆಸುವ ಡಂಜನ್ ಮಾಸ್ಟರ್ ತನಗೆ ತಾನೇ ಕೇಳಿಕೊಳ್ಳಬೇಕು: ಇದನ್ನು ಎಬ್ಬಿಸಿದವನು ಇದಕ್ಕೆ ಏನು ಹೇಳಿ ಹೋಗಿದ್ದಾನೆ? ಅದು ಗೊತ್ತಿಲ್ಲದಿದ್ದರೆ ಎರಡು ಸುತ್ತಿನಲ್ಲಿ ಉದುರಿಹೋಗುವ ಎಲುಬಿನ ರಾಶಿ ಅಷ್ಟೇ. ಗೊತ್ತಿದ್ದರೆ ರಾಯಚೂರು ಕೋಟೆಯಂಥ ಕೋಟೆಯ ಒಂದು ಬಾಗಿಲನ್ನು ಅಂಥವು ನಾಲ್ಕೇ ಸೇರಿ ಬೆಳಗಿನವರೆಗೆ ಹಿಡಿದು ನಿಲ್ಲುತ್ತವೆ.

ಇಲ್ಲಿರುವ ಲೆಕ್ಕವೆಲ್ಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯದು, 2014ರ ನಿಯಮದ ಪ್ರಕಾರ. ಎಲುಬುಗೂಡಿನ ಎಸಿ (ಅದಕ್ಕೆ ಪೆಟ್ಟು ತಾಗಲು ಇಪ್ಪತ್ತರ ದಾಳದಲ್ಲಿ ಮುಟ್ಟಬೇಕಾದ ಅಂಕ) 13, ಹಿಟ್ ಪಾಯಿಂಟ್ (ತಾಳಿಕೊಳ್ಳುವ ಪೆಟ್ಟು) 13, ಒಂದು ಸುತ್ತಿನಲ್ಲಿ 30 ಅಡಿ ನಡಿಗೆ. ಕೈಯಲ್ಲಿ ಗಿಡ್ಡ ಕತ್ತಿ ಇಲ್ಲವೇ ಗಿಡ್ಡ ಬಿಲ್ಲು. ಹೊಡೆಯುವಾಗ ಎರಡಕ್ಕೂ ಇಪ್ಪತ್ತರ ದಾಳದ ಮೇಲೆ +4, ತಾಗಿದರೆ ಆರರ ದಾಳಕ್ಕೆ 2 ಕೂಡಿಸಬೇಕು. ಕತ್ತಲಲ್ಲಿ 60 ಅಡಿ ಕಾಣುತ್ತದೆ. ವಿಷ ಏರುವುದಿಲ್ಲ, ದಣಿವಿಲ್ಲ, ಸ್ಲೀಪ್ ಮಂತ್ರ ನಾಟುವುದಿಲ್ಲ. ಅನ್ನ, ನೀರು, ನಿದ್ದೆ, ಉಸಿರು ಒಂದೂ ಬೇಡ.

ಉಸಿರು ಬೇಡ ಎಂಬುದನ್ನು ಬಹಳ ಮಂದಿ ಓದಿ ಮರೆತುಬಿಡುತ್ತಾರೆ. ಆನೆಗೊಂದಿ ಹತ್ತಿರದ ತುಂಗಭದ್ರೆಯಂಥ ಹೊಳೆಯನ್ನು ನಕ್ಷೆಯಲ್ಲಿ ಬರೆದರೆ, ಹರಿಗೋಲಿನಲ್ಲಿ ದಾಟುವವರ ಕೆಳಗೆ, ಹೊಳೆಯ ತಳದಲ್ಲಿ ಇವು ವರ್ಷಗಟ್ಟಲೆ ಕಾದು ನಿಂತಿರಬಹುದು. ನೀರೊಳಗೆ ಹೆಚ್ಚಿನ ಆಯುಧಗಳಿಗೆ ಡಿಸ್‌ಅಡ್ವಾಂಟೇಜ್ ಬೀಳುತ್ತದೆ. ಅಂದರೆ ದಾಳ ಎರಡು ಸಲ ಎಸೆದು ಕಡಿಮೆ ಬಿದ್ದದ್ದನ್ನು ಹಿಡಿಯಬೇಕು. ಗಿಡ್ಡ ಕತ್ತಿಗೆ ಆ ತೊಂದರೆಯಿಲ್ಲ. ಹರಿಗೋಲು ಮಗುಚಿತೆಂದರೆ ಉದ್ದ ಕತ್ತಿ ಹಿಡಿದ ಫೈಟರ್‌ಗಿಂತ ಎಲುಬುಗೂಡಿನ ಕೈಯೇ ಮೇಲು.

ಈಗ ಹುಕುಂ ವಿಷಯ. ಸತ್ತವರನ್ನು ಎಬ್ಬಿಸುವ ಆ್ಯನಿಮೇಟ್ ಡೆಡ್ ಮೂರನೇ ಮಟ್ಟದ ಮಂತ್ರ. ಹಾಕಲು ಒಂದು ನಿಮಿಷ ಬೇಕು, ಒಂದು ಹನಿ ರಕ್ತ, ಒಂದು ತುಣುಕು ಮಾಂಸ, ಒಂದು ಚಿಟಿಕೆ ಎಲುಬಿನ ಪುಡಿ ಬೇಕು. ಎದ್ದ ಮೇಲೆ 60 ಅಡಿಯೊಳಗಿದ್ದರೆ ಬೋನಸ್ ಆ್ಯಕ್ಷನ್‌ನಲ್ಲಿ (ಒಂದು ಸುತ್ತಿನಲ್ಲಿ ಒಂದೇ ಸಿಗುವ ಹೆಚ್ಚುವರಿ ಕೆಲಸ) ಮನಸ್ಸಿನಿಂದಲೇ ಹುಕುಂ ಕೊಡಬಹುದು. ಎಷ್ಟಕ್ಕೆ ಬೇಕಾದರೂ ಒಟ್ಟಿಗೆ ಕೊಡಬಹುದು, ಆದರೆ ಎಲ್ಲಕ್ಕೂ ಅದೇ ಹುಕುಂ. ಎರಡನ್ನು ಬಲಕ್ಕೂ ಎರಡನ್ನು ಎಡಕ್ಕೂ ಕಳಿಸಬೇಕೆಂದರೆ ಎರಡು ಸುತ್ತು ಹಿಡಿಯುತ್ತದೆ. ಮೇಜಿನ ಮೇಲೆ ಹೆಚ್ಚಾಗಿ ತಪ್ಪುವುದು ಇಲ್ಲೇ: ಒಡೆಯ ಒಂದೇ ಸುತ್ತಿನಲ್ಲಿ ಆರಕ್ಕೆ ಆರು ಬೇರೆ ಕೆಲಸ ಹಚ್ಚುತ್ತಾನೆ, ದಂಡು ಮಾತಾಡಿಕೊಂಡು ಹೋರಾಡಿದಂತೆ ಕಾಣುತ್ತದೆ. ಹುಕುಂ ಏನೂ ಇಲ್ಲದಿದ್ದರೆ ಅದು ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ, ಅಷ್ಟೇ. ಹುಕುಂ ಆಗಿದ್ದರೆ ಕೆಲಸ ಮುಗಿಯುವವರೆಗೆ ಬಿಡುವುದಿಲ್ಲ.

ಅದಕ್ಕೇ ಹುಕುಮಿನ ಮಾತನ್ನು ಒಂದು ಚೀಟಿಯಲ್ಲಿ ಅಕ್ಷರಶಃ ಬರೆದಿಟ್ಟುಕೊಳ್ಳಿ. ಇಂಟೆಲಿಜೆನ್ಸ್ (ಬುದ್ಧಿ) ಬರೀ 6 ಇರುವ ಜೀವಿ ಮಾತಿನ ಹಿಂದಿನ ಅರ್ಥ ಹುಡುಕುವುದಿಲ್ಲ. ‘ಈ ಬಾಗಿಲಿಂದ ಯಾರನ್ನೂ ಒಳಗೆ ಬಿಡಬೇಡ’ ಎಂದಿದ್ದರೆ ಹೊರಗೆ ಹೋಗುವವರನ್ನು ತಡೆಯುವುದಿಲ್ಲ, ಗೋಡೆ ಹತ್ತಿ ಬಂದವರ ಕಡೆ ತಿರುಗಿಯೂ ನೋಡುವುದಿಲ್ಲ. ‘ಬಾಗಿಲಿಗೆ ಬಂದವರನ್ನು ಕೊಲ್ಲು’ ಎಂದಿದ್ದರೆ ಒಡೆಯನಿಗೇ ಬುತ್ತಿ ತಂದ ಆಳು ಹೊಸ್ತಿಲಲ್ಲಿ ಸತ್ತು ಬಿದ್ದಿರುತ್ತಾನೆ. ಆ ಹೆಣವನ್ನು ಹೊಸ್ತಿಲಲ್ಲೇ ತೋರಿಸಿ. ಹುಕುಂ ಏನಿರಬಹುದು ಎಂದು ಆಟಗಾರರು ಅಲ್ಲಿಂದಲೇ ಊಹಿಸತೊಡಗುತ್ತಾರೆ. ಆ ಊಹೆಯೇ ಈ ಆಟದ ರುಚಿ, ಕತ್ತಿ ಬೀಸುವುದು ಆಮೇಲೆ.

ಜಜ್ಜುವ ಪೆಟ್ಟು ಇದಕ್ಕೆ ದುಪ್ಪಟ್ಟು ತಾಗುತ್ತದೆ. ಲೆಕ್ಕ ನೋಡಿ. ಸ್ಟ್ರೆಂತ್ (ಕಸುವು) +3 ಇರುವವನ ಉದ್ದ ಕತ್ತಿ ಒಂದು ಕೈಯಲ್ಲಿ, ಎಂಟರ ದಾಳ ಸೇರಿ, ಹೆಚ್ಚೆಂದರೆ 11, ಕ್ರಿಟ್ (ಇಪ್ಪತ್ತು ಬಿದ್ದು ಪೆಟ್ಟಿನ ದಾಳ ಎರಡಾಗುವುದು) ಬೀಳದೆ ಒಂದೇ ಏಟಿಗೆ ಕೆಡವಲಾರದು. ಅದೇ ಕೈಯಲ್ಲಿ ಗದೆ ಇದ್ದರೆ ಆರರ ದಾಳದಲ್ಲಿ ನಾಲ್ಕು ಬಿದ್ದರೆ ಸಾಕು, ಏಳು ದುಪ್ಪಟ್ಟಾಗಿ 14. ಜೋಳದ ಹೊಲದಲ್ಲಿ ಹಕ್ಕಿ ಹೊಡೆಯುವ ಕವಣೆಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಡೆಕ್ಸ್ (ಚುರುಕುತನ) +3 ಇದ್ದು ನಾಲ್ಕರ ದಾಳದಲ್ಲಿ ನಾಲ್ಕು ಬಿದ್ದರೆ ಕವಣೆ ಕಲ್ಲಿಗೂ ಅದೇ 14. ಬೀಳುವ ಪೆಟ್ಟೂ ಜಜ್ಜುವ ಪೆಟ್ಟೇ, ಹತ್ತಡಿಗೆ ಒಂದು ಆರರ ದಾಳ. 20 ಅಡಿ ಕೋಟೆ ಗೋಡೆಯಿಂದ ದಬ್ಬಿದರೆ ಎರಡು ದಾಳ ಸೇರಿ ಏಳು ಬಂದರೆ ಮುಗಿಯಿತು, ಅದು 36ರಲ್ಲಿ 21 ಸಲ ಬರುತ್ತದೆ. ಬಳ್ಳಾರಿ ಗುಡ್ಡದಂಥ ಬಂಡೆ ಗುಡ್ಡ ಬರೆಯುವವರು ಅಂಚುಗಳ ಎತ್ತರವನ್ನು ನಕ್ಷೆಯಲ್ಲೇ ಗುರುತು ಮಾಡಿ. ಎತ್ತರ ಬರೆಯದ ಅಂಚಿಗೆ ಯಾರೂ ಯಾರನ್ನೂ ದಬ್ಬುವುದಿಲ್ಲ.

‘ಬಾಣ ಪಕ್ಕೆಲುಬಿನ ಸಂದಿಯಲ್ಲಿ ಹಾದುಹೋಗುತ್ತದಲ್ಲ?’ ಎಂದು ಪ್ರತಿ ಮೇಜಿನಲ್ಲೂ ಒಬ್ಬರು ಕೇಳುತ್ತಾರೆ. ಹಳೆಯ ಅಡ್ವಾನ್ಸ್ಡ್ ಆವೃತ್ತಿಯಲ್ಲಿ ಅಲಗಿನ ಆಯುಧಕ್ಕೆ ಅರ್ಧ ಪೆಟ್ಟೇ ಇತ್ತು. ಐದನೆಯದರಲ್ಲಿ ಆ ನಿಯಮ ಇಲ್ಲ, ತರಬೇಡಿ. ತಂದರೆ ಬಿಲ್ಲು, ಕತ್ತಿ ನೆಚ್ಚಿದ ಮೊದಲ ಲೆವೆಲ್‌ನ ರೇಂಜರ್ (ಕಾಡು ಬಲ್ಲ ಬೇಟೆಗಾರ), ರೋಗ್ (ಕಳ್ಳ) ಇಬ್ಬರೂ ಸುಮ್ಮನೆ ಕೂರಬೇಕಾಗುತ್ತದೆ.

ಎಷ್ಟು ಇಡಬೇಕು? ಒಂದಕ್ಕೆ 50 ಎಕ್ಸ್‌ಪಿ (ಗೆದ್ದವರಿಗೆ ಸಿಗುವ ಅನುಭವದ ಅಂಕ). ಮೊದಲ ಲೆವೆಲ್‌ನ ನಾಲ್ವರಿಗೆ ಎರಡು ಇಟ್ಟರೆ ಸುಲಭ. ಮೂರು ಇಟ್ಟರೆ, ಸಂಖ್ಯೆ ಹೆಚ್ಚಿದಂತೆ ಏರುವ ಗುಣಕ ಸೇರಿ, 300, ಅಂದರೆ ಕಠಿಣ. ನಾಲ್ಕಕ್ಕೆ 400, ಮಾರಕ. ಎರಡು ಬಾಣಕ್ಕೆ ವಿಝರ್ಡ್ (ಮಂತ್ರವಾದಿ) ನೆಲ ಕಾಣುತ್ತಾನೆ. ನಾಲ್ಕು ಬೇಕೇ ಬೇಕೆಂದರೆ ಎರಡಕ್ಕೆ ಮಾತ್ರ ಬಿಲ್ಲು ಕೊಡಿ.

ದೇವರ ಬಲದಿಂದ ಮಂತ್ರ ಹಾಕುವ ಕ್ಲೆರಿಕ್ ಎರಡನೇ ಲೆವೆಲ್‌ಗೆ ಬಂದರೆ, ಸತ್ತು ಎದ್ದವನ್ನು ಓಡಿಸುವ ಟರ್ನ್ ಅನ್‌ಡೆಡ್ ಸಿಗುತ್ತದೆ. ವಿಸ್ಡಂ (ವಿವೇಕ) +3 ಇದ್ದರೆ ಡಿಸಿ, ಅಂದರೆ ಎದುರಾಳಿ ಇಪ್ಪತ್ತರ ದಾಳದಲ್ಲಿ ಮುಟ್ಟಬೇಕಾದ ಅಂಕ, 13. ಎಲುಬುಗೂಡಿಗೆ ಇರುವುದು -1, ಆದ್ದರಿಂದ ನೂರಕ್ಕೆ 65 ಸಲ ಸೋತು ಒಂದು ನಿಮಿಷ ಓಡುತ್ತದೆ. ಓಡುತ್ತಿರುವ ಎಲುಬುಗೂಡಿಗೆ ಯಾರಾದರೂ ಹೊಡೆದರೆ ಆ ಓಟ ಅಲ್ಲಿಗೇ ಮುರಿಯುತ್ತದೆ. ಗೆಳೆಯನೇ ಬಾಣ ಬಿಟ್ಟು ಗೆಳೆಯನ ಕೆಲಸ ಕೆಡಿಸುವುದು ಇಲ್ಲಿಯೇ. ಐದನೇ ಲೆವೆಲ್ ಮುಟ್ಟಿದರೆ ಓಡಿಸುವ ಮಾತಿಲ್ಲ, ಸೋತದ್ದು ಪುಡಿಪುಡಿ. ಅಲ್ಲಿಂದ ಮುಂದೆ ಬರೀ ಎಲುಬುಗೂಡಿನ ದಂಡು ನೆಚ್ಚಿಕೊಂಡು ಕಾಳಗ ಕಟ್ಟಬೇಡಿ.

ಆಟಗಾರನೇ ದಂಡು ಕಟ್ಟುತ್ತೇನೆಂದರೆ ಹೆದರಬೇಡಿ, ನಿಯಮವೇ ಲಗಾಮು ಹಾಕಿದೆ. ಹಿಡಿತ 24 ತಾಸು. ಮತ್ತೆ ಮಂತ್ರ ಹಾಕಿದರೆ ಒಂದು ಮಂತ್ರಕ್ಕೆ ನಾಲ್ಕನ್ನು ಹಿಡಿತದಲ್ಲಿ ಉಳಿಸಿಕೊಳ್ಳಬಹುದು, ಇಲ್ಲವೇ ಹೊಸದೊಂದನ್ನು ಎಬ್ಬಿಸಬಹುದು. ಐದನೇ ಲೆವೆಲ್‌ನ ಕ್ಲೆರಿಕ್‌ಗೆ ಮೂರನೇ ಮಟ್ಟದ ಸ್ಲಾಟ್ (ದಿನಕ್ಕೆ ಇಂಥ ಮಂತ್ರ ಹಾಕುವ ಸರದಿ) ಇರುವುದು ಎರಡು. ನಾಲ್ಕಾಗುವವರೆಗೆ ಒಂದು ಸ್ಲಾಟ್ ಉಳಿಸಲು, ಒಂದು ಎಬ್ಬಿಸಲು. ಐದನೆಯದು ಎದ್ದ ಮರುದಿನದಿಂದ ಎರಡೂ ಉಳಿಸಲಿಕ್ಕೇ ಹೋಗುತ್ತವೆ, ಆರನೆಯದು ಏಳುವುದೇ ಇಲ್ಲ.

ಹಿಡಿತ ತಪ್ಪಿದ ಎಲುಬುಗೂಡಿಗೆ ಭಾಷೆ ನೆನಪಿರುತ್ತದೆ. ಬದುಕಿದ್ದಾಗ ಗೊತ್ತಿದ್ದ ಮಾತು ತಿಳಿಯುತ್ತದೆ, ಆಡಲು ಬರುವುದಿಲ್ಲ. 1520ರ ರಾಯಚೂರು ಕಾಳಗದಲ್ಲಿ ಕೃಷ್ಣದೇವರಾಯನ ದಂಡೂ ಇಸ್ಮಾಯಿಲ್ ಆದಿಲ್ ಷಾನ ದಂಡೂ ಎದುರಾದ ಹಾಗೆ, ನಿಮ್ಮ ಲೋಕದ ಯಾವುದೋ ಬಯಲಲ್ಲಿ ಎರಡು ನಾಡಿನ ಎಲುಬು ಕಲೆತಿದ್ದರೆ, ಕನ್ನಡದಲ್ಲಿ ಕೂಗಿದ ಮಾತಿಗೆ ಅರ್ಧ ದಂಡು ಮಾತ್ರ ಕತ್ತು ತಿರುಗಿಸುತ್ತದೆ. ಹಿಡಿತ ಇರುವವರೆಗೆ ಎಷ್ಟು ಕೂಗಿದರೂ ಒಂದೂ ಕದಲುವುದಿಲ್ಲ.

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದ ಹಳೆಯ ಸಮಾಧಿ ಕಲ್ಮನೆಗಳನ್ನು, ಆ ದುಂಡು ಕಿಂಡಿಯ ಚಪ್ಪಡಿಗಳನ್ನು ನಕ್ಷೆಗೆ ಎತ್ತಿಕೊಳ್ಳಿ, ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಆದರೆ ಬರೆಯುವುದು ಗ್ರಾಫ್ ಹಾಳೆಯ ಮೇಲೆ ಇರಲಿ. ಅಲ್ಲಿಗೆ ಹೋಗಿ ಆಡಿ ಒಂದು ಕಲ್ಲನ್ನೂ ಕದಲಿಸಬೇಡಿ.

ನಕ್ಷೆಯ ಮೇಲಿಡುವ ಬೊಂಬೆಗಳಿಗೆ ದುಡ್ಡು ಸುರಿಯಬೇಕಿಲ್ಲ. ಚೌಕಾಬಾರಕ್ಕೆ ಮಾಡುವಂತೆ ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿ. ಬಿಳಿ ಮೇಲಿದ್ದರೆ ಹಿಡಿತದಲ್ಲಿದೆ, ಕಂದು ಮೇಲಿದ್ದರೆ ತಪ್ಪಿದೆ. ಒಡೆಯ ಸತ್ತ ಸುತ್ತಿನಲ್ಲೇ ಬೀಜ ಮಗುಚಬೇಡಿ. ಕೊಟ್ಟ ಹುಕುಂ 24 ತಾಸು ತುಂಬುವವರೆಗೂ ನಡೆಯಲಿ.