ನಮ್ಮ ಬೀಗದ ಪಕ್ಕ ಅವರ ಬೀಗ

ಗೌರಿ ಹಬ್ಬ ಮುಗಿಸಿಕೊಂಡು ಅಮ್ಮ, ನಾನು ಹಾಸನದಿಂದ ಬಂದಾಗ ರಾತ್ರಿ ಒಂಬತ್ತೂವರೆ. ಮಾಗಡಿ ರೋಡ್ ಕಡೆ ನಮ್ಮ ಬಾಡಿಗೆ ಮನೆ, ಎರಡನೇ ಮಹಡಿ. ಬ್ಯಾಗಿನಿಂದ ಬೀಗದ ಕೈ ತೆಗೆದೆ. ನಮ್ಮ ಹಳೇ ಬೀಗ ಹಾಗೇ ಇತ್ತು. ಅದರ ಮೇಲ್ಗಡೆ ಹೊಸದಾಗಿ ಕೊಂಡಿ ಹೊಡೆದು ಇನ್ನೊಂದು ಬೀಗ ಜಡಿದಿದ್ದರು. ಡ್ರಿಲ್ ಮಾಡಿದ ಮರದ ಪುಡಿ ಹೊಸ್ತಿಲ ಮೇಲೆ ಬಿದ್ದಿತ್ತು, ಊರಿಗೆ ಹೊರಡುವಾಗ ಅಮ್ಮ ಬಿಟ್ಟ ರಂಗೋಲಿಯ ಮೇಲೆ.

ಓನರ್‌ಗೆ ಫೋನ್ ಮಾಡಿದೆ. "ಅಗ್ರಿಮೆಂಟ್ ಮುಗಿದು ಎರಡು ತಿಂಗಳಾಯ್ತಲ್ಲಮ್ಮ. ನನ್ ಮನೆ, ನನ್ ಬೀಗ" ಅಂದರು.

"ಅಂಕಲ್, ಆ ಎರಡು ತಿಂಗಳ ಬಾಡಿಗೆ ನಿಮ್ಮ ಅಕೌಂಟಿಗೇ ಬಂದಿದೆಯಲ್ವಾ?" ಅಂದೆ. ಫೋನ್ ಇಟ್ಟರು. ಹದಿನಾಲ್ಕು ಸಾವಿರ ಇದ್ದ ಬಾಡಿಗೆಯನ್ನು ಹದಿನೆಂಟು ಮಾಡಿ ಅಂದಿದ್ದರು, ಆಗಲ್ಲ ಅಂದಿದ್ದೆ. ಅಷ್ಟಕ್ಕೇ ಇದು.

ಅಮ್ಮನಿಗೆ ಶುಗರ್. ಊರಿಗೆ ಒಂದೇ ಇನ್ಸುಲಿನ್ ಪೆನ್ನು ಒಯ್ದಿದ್ದೆವು. ಉಳಿದದ್ದೆಲ್ಲ ಒಳಗೆ, ಫ್ರಿಜ್ಜಲ್ಲಿ. ಅದನ್ನು ಹೇಳಿದರೂ ಬೀಗ ತೆಗೆಯಲಿಲ್ಲ. ಇದನ್ನು ನಾನು ಮರೆಯಲ್ಲ.

112ಕ್ಕೆ ಫೋನ್ ಮಾಡಿದೆ. ಪೊಲೀಸರು ಬಂದು ನೋಡಿ, "ಸಿವಿಲ್ ಮ್ಯಾಟರ್ ಅಮ್ಮ, ಕೋರ್ಟಿಗೆ ಹೋಗಿ" ಅಂದರು. ಬೆಳಿಗ್ಗೆ ಠಾಣೆಗೆ ಹೋಗಿ ದೂರು ಬರೆದುಕೊಟ್ಟು, ಸುಮ್ನೆ ವಾಪಸ್ ಬರದೆ ಹಿಂಬರಹ, ಅಂದರೆ ದೂರಿಗೆ ಠಾಣೆ ಕೊಡುವ ಲಿಖಿತ ಉತ್ತರ, ಕೇಳಿ ತಗೊಂಡೆ. ಆಮೇಲೆ ತುಂಬಾ ಉಪಯೋಗಕ್ಕೆ ಬಂದಿದ್ದು ಅದೇ.

ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ ಕೇಳಬಹುದು. ನನಗೆ ಸಿಕ್ಕ ಮೇಡಂ ಮೊದಲು ಕೇಳಿದ್ದು ಅಗ್ರಿಮೆಂಟ್ ಅಲ್ಲ. "ಬೀಗ ಹಾಕೋ ತನಕ ಆ ಮನೇಲಿ ವಾಸ ಇದ್ದಿದ್ದು ನೀವೇ ಅನ್ನೋದಕ್ಕೆ ಏನಿದೆ?" ಅಂದರು. ಕರೆಂಟ್ ಬಿಲ್, ಗ್ಯಾಸ್ ಬುಕ್, ಬಾಡಿಗೆ ಕಟ್ಟಿದ ಸ್ಕ್ರೀನ್‌ಶಾಟ್, ಎರಡೂ ಬೀಗದ ಫೋಟೋ ಕೊಟ್ಟೆ.

ಬೆಂಗಳೂರಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ 1999ರ ಬಾಡಿಗೆ ಕಾಯ್ದೆ ಅನ್ವಯಿಸಲ್ಲವಂತೆ. ಹಾಗಂತ ದಿಕ್ಕಿಲ್ಲ ಅಂತಲ್ಲ. ಅಗ್ರಿಮೆಂಟ್ ಮುಗಿದ ಮೇಲೂ ಬಾಡಿಗೆ ತಗೊಂಡರೆ ಬಾಡಿಗೆದಾರಿಕೆ ತಿಂಗಳು ತಿಂಗಳು ಮುಂದುವರಿಯುತ್ತೆ. ಬಿಡಿಸಬೇಕಾದರೆ ಹದಿನೈದು ದಿನದ ನೋಟಿಸ್ ಕೊಡಬೇಕು. ಆಮೇಲೂ ಬಿಡದಿದ್ದರೆ ಓನರ್ ಕೋರ್ಟಿಗೇ ಹೋಗಬೇಕು. ತಾನೇ ಬೀಗ ಜಡಿಯೋ ಹಾಗಿಲ್ಲ. ಜಡಿದರೆ 1963ರ ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ 6ನೇ ಕಲಂ ಇದೆ. ಆರು ತಿಂಗಳೊಳಗೆ ದಾವೆ ಹಾಕಿದರೆ ಮನೆ ಯಾರದು ಅಂತ ಕೋರ್ಟ್ ನೋಡಲ್ಲ, ಯಾರನ್ನು ಹೊರಗೆ ಹಾಕಿದರು ಅಂತ ನೋಡುತ್ತೆ. ಮೇಡಂ ಇದನ್ನು ಹೇಳಿದಾಗ ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಹಾಗೇ ದಾವೆ ಹಾಕಿದೆವು. ಚಿಕ್ಕಮ್ಮನ ಮನೆಯ ಹಾಲ್‌ನಲ್ಲಿ 26 ದಿನ ಮಲಗಿದೆವು. ಕೋರ್ಟಿನ ತುರ್ತು ನೋಟಿಸ್ ಓನರ್ ಕೈಸೇರಿದ ಮೇಲೆ ಅವರ ವಕೀಲರೇ ಕೋರ್ಟಲ್ಲಿ ಬೀಗ ತೆಗೆಸುತ್ತೇವೆ ಅಂದರು. ಜಡ್ಜ್ ಅದನ್ನು ದಾಖಲು ಮಾಡಿಕೊಂಡರು.

ಬಾಗಿಲು ತೆರೆದರೆ ಮುಗ್ಗಲು ವಾಸನೆ. ಮೇನ್ ಸ್ವಿಚ್ಚೂ ಆರಿಸಿದ್ದರು. ಇನ್ಸುಲಿನ್ನೆಲ್ಲ ಎಸೆಯಬೇಕಾಯಿತು. ಅಮ್ಮ ಮೊದಲು ಹೊಸ್ತಿಲು ತೊಳೆದರು.

ಕೊಂಡಿ ಕಿತ್ತ ತೂತುಗಳು ಬಾಗಿಲಲ್ಲಿ ಹಾಗೇ ಇವೆ, ಮುಚ್ಚಿಸಿಲ್ಲ. ದಾವೆಯನ್ನೂ ವಾಪಸ್ ತಗೊಂಡಿಲ್ಲ. ಮತ್ತೆ ಬೀಗ ಹಾಕಬಾರದು ಅಂತ ಇಂಜಂಕ್ಷನ್, ಅಂದರೆ ಕೋರ್ಟಿನ ತಡೆಯಾಜ್ಞೆ, ಕೇಳಿದ್ದೇವೆ. ಮುಂದಿನ ವಾಯಿದೆ 19ಕ್ಕೆ. ಅಮ್ಮ ತಾವೂ ಬರುತ್ತೇನೆ ಅಂದಿದ್ದಾರೆ.